ಏಳನೇ ಬಾವಿಯ ಪಾಳಿ

ನೆಲ ನಡುಗುವ ದಿನವನ್ನು ಮುಂದಕ್ಕೆ ಹಾಕಿಸಲು ಜನ ಹೇಳುವ ನೆಪಗಳನ್ನು ಕೇಳಿ ಕೇಳಿ ಹುಸೇನಪ್ಪನಿಗೆ ಬಾಯಿಗಿಟ್ಟ ರೊಟ್ಟಿಯೂ ಕಹಿಯಾಗತೊಡಗಿತ್ತು. ಒಬ್ಬನ ಮನೆಯಲ್ಲಿ ಗೃಹಪ್ರವೇಶ. ಇನ್ನೊಬ್ಬಳ ನಾಯಿ ಮರಿ ಹಾಕಿದೆ, ಬಾಣಂತಿ ನಾಯಿ ಬೆಚ್ಚಬಾರದು. ಮತ್ತೊಬ್ಬ ಸಾಹೇಬ ಬಂಗಲೆಗೆ ಬಿಲಿಯರ್ಡ್ಸ್ ಟೇಬಲ್ಲು ತರಿಸಿದ್ದಾನೆ, ಅದರ ಮಟ್ಟ ತಪ್ಪಿದರೆ ಸರಿಮಾಡುವವನು ದಿಲ್ಲಿಯಿಂದ ಬರಬೇಕು. ಆದ್ದರಿಂದ ಈ ಗುರುವಾರದ ನಡುಕ ಬೇಡ. ಮುಂದಿನ ಗುರುವಾರ ನೋಡೋಣ. ಬೇಕಿದ್ದರೆ ಒಂಬತ್ತನೇ ಬಾವಿಗೆ ಕೊಟ್ಟುಬಿಡಿ, ಅವರಿಗೆ ರೂಢಿಯಿದೆಯಲ್ಲ.

ಅವರಿಗೆ ರೂಢಿಯಿದೆಯಂತೆ! ಹುಸೇನಪ್ಪ ಫೋನಿಟ್ಟು ಕಿಟಕಿಯಾಚೆ ಉಗುಳಿದ. ಒಂಬತ್ತನೇ ಬಾವಿಯ ನೆತ್ತಿಯ ಮೇಲೆ ಇರುವುದು ಅವನದೇ ಕಾಲೊನಿ. ಅಲ್ಲಿಯೇ ಅವನ ಅಕ್ಕ ಹುಲಿಗೆಮ್ಮ ಏಳು ತಿಂಗಳ ಬಸುರಿ.

ಈ ಬಾವಿಗಳ ಕಥೆ ಶುರುವಾದದ್ದು ಬೆಟ್ಟದಿಂದಲೇ. ಹಿಮಾಲಯವೆಂದರೆ ಅಲ್ಲಿ ಸದಾ ಕಾಲದಿಂದ ನಿಂತಿರುವ ಬೆಟ್ಟವಲ್ಲ. ನಮ್ಮ ನೆಲದ ತುಂಡು ದಕ್ಷಿಣದಿಂದ ತೇಲಿ ಬಂದು, ನಡುವಿನ ಕಡಲನ್ನು ಹಿಂಡಿ, ಆಚೆಯ ನೆಲಕ್ಕೆ ಗುದ್ದಿದಾಗ ಕಡಲ ತಳದ ಕೆಸರೆಲ್ಲ ಮಡಿಕೆ ಮಡಿಕೆಯಾಗಿ ಮೇಲೆದ್ದು ನಿಂತದ್ದು ಅದು. ಗುದ್ದುವುದು ಇನ್ನೂ ನಿಂತಿಲ್ಲ. ವರ್ಷಕ್ಕೆ ಎರಡು ಬೆರಳಿನಷ್ಟು ದಕ್ಷಿಣದ ನೆಲ ಬೆಟ್ಟದ ಕೆಳಗೆ ತೂರಿಕೊಳ್ಳುತ್ತಲೇ ಇದೆ. ಆದರೆ ತೂರುವ ಜಾಗದಲ್ಲಿ ಕಲ್ಲಿಗೆ ಕಲ್ಲು ಕಚ್ಚಿಕೊಂಡಿರುತ್ತದೆ. ತಳ್ಳಾಟ ನಡೆದೇ ಇರುತ್ತದೆ, ಜಾರುವುದು ಮಾತ್ರ ಇಲ್ಲ. ನೂರಾರು ವರ್ಷ ಹೀಗೆ ಬಿಗಿದು ಒಂದು ದಿನ ಕಚ್ಚು ಬಿಟ್ಟಿತೆಂದರೆ ಊರಿಗೆ ಊರೇ ನೆಲಸಮ.

ಹಾಗೆ ಒಂದು ಸಲ ಆಯಿತು. ಸತ್ತವರನ್ನು ಲೆಕ್ಕ ಹಾಕುವುದನ್ನು ನಡುವೆಯೇ ಬಿಟ್ಟುಬಿಟ್ಟರು. ಆಮೇಲೆಯೇ ಸರಕಾರಕ್ಕೆ ಬುದ್ಧಿ ಬಂದು ಬೆಟ್ಟದ ಬುಡದುದ್ದಕ್ಕೂ ಈ ಬಾವಿಗಳನ್ನು ಕೊರೆಸಿದ್ದು. ಕಚ್ಚಿಕೊಂಡ ಕಲ್ಲಿನವರೆಗೆ ಓರೆಯಾಗಿ ಇಳಿಯುವ ಬಾವಿಗಳು. ಬಿಸಿನೀರನ್ನು ಒತ್ತಡದಲ್ಲಿ ಬಿಟ್ಟರೆ ಆ ನೀರು ಕಲ್ಲಿನ ಸಂದಿಗೆ ನುಗ್ಗಿ ಕಚ್ಚು ಸಡಿಲಿಸುತ್ತದೆ. ನೆಲ ಒಂದಿಷ್ಟು ಜಾರುತ್ತದೆ, ಒಂದಿಷ್ಟು ನಡುಗುತ್ತದೆ, ಸುಮ್ಮನಾಗುತ್ತದೆ. ಒಂದೊಂದು ಬಾವಿಯ ಕೆಳಗಿನ ತುಂಡಿಗೆ ಒಂದೊಂದು ದಿನ. ಇದೇ ಪಾಳಿ.

ಕೊರೆಯಲು ಆಳದ ಕಲ್ಲು ಕಂಡ ಜನ ಬೇಕಿತ್ತು. ರಾಯಚೂರು ಸೀಮೆಯಲ್ಲಿ ಮುಚ್ಚಿಹೋದ ಚಿನ್ನದ ಗಣಿಯೊಂದರ ಜನರನ್ನು ಹೆಂಡತಿ ಮಕ್ಕಳ ಸಮೇತ ರೈಲು ಹತ್ತಿಸಿ ತಂದರು. ಬಾವಿ ಕೊರೆದಾದ ಮೇಲೆ ಅವರನ್ನೇ ಬಾವಿ ಕಾಯಲು ಇಟ್ಟುಕೊಂಡರು. ಗಣಿಗೆ ಮುಂಚೆ ಆ ಜನರದು ಕಾಲುವೆ ಕೆಳಗಿನ ಬೇಸಾಯ. ಪಾಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರಿಗೆ ನೆನಪಾದದ್ದು ಕಾಲುವೆಯ ನೀರಿನ ಪಾಳಿ. ಕಾಲುವೆಯಲ್ಲಿ ಪಾಳಿ ಬದಲಿಸಿಕೊಳ್ಳುವುದು ದಿನದ ಮಾತು. ನಿನ್ನ ಮಂಗಳವಾರ ನನಗಿರಲಿ, ನನ್ನ ಶನಿವಾರ ನಿನಗಿರಲಿ. ಅದನ್ನೇ ಇಲ್ಲಿಯೂ ಮಾಡಿದರು. ಮೇಲಿನ ಸಾಹೇಬರುಗಳಿಗೂ ಅದು ಬಲು ಹಿಡಿಸಿತು. ಪಾಳಿ ಬದಲಿಸಲು ಎರಡೂ ಬಾವಿಯವರು ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕೆಂಬ ನಿಯಮವನ್ನೂ ಮಾಡಿಟ್ಟರು. ತನ್ನ ಪಾಳಿಯ ದಿನ ಬಾವಿ ಬಿಡಲು, ಅಂದರೆ ಅದಕ್ಕೆ ನೀರು ನುಗ್ಗಿಸಲು, ಅದನ್ನು ಕಾಯುವವನ ಹೆಬ್ಬೆಟ್ಟೊಂದೇ ಸಾಕು.

ಏಳನೇ ಬಾವಿಯ ಮೇಲಿರುವುದು ಹಿಮಸಿರಿ ಹೋಟೆಲು, ಅದರ ಸುತ್ತ ದೊಡ್ಡವರ ಬಂಗಲೆಗಳು. ಏಳರ ಪಾಳಿ ಬಂದಾಗಲೆಲ್ಲ ಅದು ಬದಲಿಯಾಗಿ ಒಂಬತ್ತಕ್ಕೆ ಬೀಳುತ್ತಿತ್ತು, ಒಂಬತ್ತರದ್ದು ಮಾತ್ರ ಎಂದೂ ಏಳಕ್ಕೆ ಬರುತ್ತಿರಲಿಲ್ಲ. ಏಳನ್ನು ಕಾಯುತ್ತಿದ್ದ ಮುದುಕ ಹೆಬ್ಬೆಟ್ಟು ಒತ್ತುತ್ತಲೇ ನಿವೃತ್ತನಾಗಿದ್ದ. ಆ ಜಾಗಕ್ಕೆ ಈ ಬೇಸಿಗೆಯಲ್ಲಿ ಬಂದವನು ಹುಸೇನಪ್ಪ. ಒಂಬತ್ತನ್ನು ಕಾಯುವವನು ಬಸಲಿಂಗಪ್ಪ, ಹುಲಿಗೆಮ್ಮನ ಗಂಡ.

*

"ಹುಸೇನಪ್ಪ, ಇಲ್ಲೆ ಬಾ. ಇದನ್ನ ನೋಡು."

ಕರೆದವರು ಶಾಲ್ಮಲಾ ಮೇಡಂ. ಧಾರವಾಡದವರು, ಬಾವಿಗಳನ್ನು ನಡೆಸುವ ಈ ಠಾಣೆಯಲ್ಲಿ ಕಲ್ಲಿನ ಶಾಸ್ತ್ರ ಓದಿದವರು ಅವರೊಬ್ಬರೇ. ಗೋಡೆಯ ಪರದೆಯ ಮೇಲೆ ಬೆಟ್ಟದ ಬುಡ ತುಂಡು ತುಂಡಾಗಿ ಹರಡಿಕೊಂಡಿತ್ತು. ಜಾರಿ ಹಗುರಾದ ತುಂಡು ಹಸಿರು, ಬಿಗಿದದ್ದು ಕೆಂಪು. ಏಳನೇ ತುಂಡು ಕೆಂಪಿಗೂ ಆಚೆಯ ಬಣ್ಣಕ್ಕೆ ಹೋಗಿತ್ತು, ಹೆಪ್ಪುಗಟ್ಟಿದ ರಕ್ತದ ಹಾಗೆ.

"ಇದೇನ್ರಿ ಮೇಡಮ್ಮಾರ, ಏಳರ ಪಾಲಿಂದೆಲ್ಲ ನಾವು ಒಂಬತ್ತರಾಗ ನಡುಗೇವಲ್ಲ?"

ಮೇಡಂ ಕುರ್ಚಿಯ ಮೇಲಿನ ಟವೆಲ್ಲು ತೆಗೆದು ಮೇಜಿನ ಮೇಲೆ ಹಾಸಿದರು. ಮೇಜಿನ ಮೇಲೆ ಒಂದು ಕಲ್ಲಾದ ಕಡಲ ಬಸವನಹುಳು ಇತ್ತು. ಬೆಟ್ಟ ಕಡಲಾಗಿದ್ದಾಗ ಬದುಕಿದ್ದ ಹುಳು. ಹಿಮಸಿರಿಯವರು ಅದನ್ನು ಹೊಳಪು ಕೊಟ್ಟು ದೀಪಾವಳಿಗೆ ಠಾಣೆಯವರಿಗೆಲ್ಲ ಹಂಚಿದ್ದರು. ಅವರ ಹೋಟೆಲಿನಲ್ಲಿ ಅದರ ಹೊಟ್ಟೆ ಕೊರೆದು ಸಿಗರೇಟಿನ ಬೂದಿ ಕೊಡವಲು ಇಟ್ಟಿದ್ದನ್ನು ಹುಸೇನಪ್ಪ ನೋಡಿದ್ದ. ಮೇಡಂ ಆ ಕಲ್ಲನ್ನು ಟವೆಲ್ಲಿನ ನಡುವಿಗಿಟ್ಟು ಅಂಗೈಯಿಂದ ಅದುಮಿ ಹಿಡಿದರು.

"ಈ ಕಲ್ಲು ಏಳನೇ ತುಂಡು. ಈಗ ಟವೆಲ್ಲಿನ ಎರಡೂ ಮೂಲಿ ಹಿಡಿದು ನಿನ್ನ ಕಡೆ ಎಳಿ."

ಎಳೆದ. ಎರಡು ಬದಿ ಸರಿದವು. ಕಲ್ಲಿನ ಸುತ್ತಲಿನ ಬಟ್ಟೆ ಬಿಗಿದು ನೂಲು ಚಟಚಟ ಅಂದಿತು.

"ಬದಿ ಜಾರಿದಷ್ಟೂ ನಡುವಿಂದು ಹಗರ ಆಗೂದಿಲ್ಲ, ಬಿಗೀತದ. ಕಾಲುವಿ ನೀರು ಯಾರ ಹೊಲಕ್ಕ ಹೋದ್ರೂ ಹೋತು, ಖರ್ಚಾತು. ಇದು ಹಂಗಲ್ಲ. ಏಳರದ್ದು ಏಳೇ ಕಳೀಬೇಕು. ಒಂಬತ್ತರಾಗ ನೀವು ಎರಡೆರಡು ಸಲ ನಡುಗಿದ್ದು ಬರೇ ದಂಡ ಅಲ್ಲ, ಏಳರ ಮ್ಯಾಲ ಇನ್ನಷ್ಟು ಭಾರ ಹೇರೇದ."

ಹುಸೇನಪ್ಪ ಟವೆಲ್ಲು ಬಿಟ್ಟ. "ಅಂದ್ರ ಹೊಟ್ಟಿ ಕಟ್ಟಿದ್ದು ಏಳಕ್ಕ, ಜುಲಾಬು ಕೊಟ್ಟದ್ದು ಒಂಬತ್ತಕ್ಕ!"

ಮೇಡಮ್ಮಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಗುರುವಾರ ಬಿಡಲೇಬೇಕು. ಈಗ ಬಿಟ್ರ ದಿನಾ ಒಂದೀಟು ಒಂದೀಟು ಜಾರಿಸಿ ಒಂದು ವಾರದಾಗ ಇಳಸಬಹುದು. ಮೊದಲನೇ ದಿನ ಜೋರ ಇರ್ತದ, ಹೋಟೆಲು ಉಳಿಯೂದಿಲ್ಲ. ಆದ್ರ ಜನ ಹೊರಗಿದ್ರ ಉಳೀತಾರ. ಬಿಡದಿದ್ರ ಅದಽ ಒಂದಿನ ತಾನಽ ಬಿಡ್ತದ. ಆವಾಗ ಈ ಕಣಿವಿ ಇರೂದಿಲ್ಲ, ನಿಮ್ಮ ಕಾಲೊನಿ ಇರೂದಿಲ್ಲ, ಕೆಳಗಿನ ಊರು ಯಾವೂ ಇರೂದಿಲ್ಲ."

"ದೊಡ್ಡ ಸಾಹೇಬ್ರಿಗೆ ಹೇಳಿಲ್ಲೇನ್ರಿ?"

"ಹೇಳೀನಿ. ಪ್ರತಿ ಸಲ ಹೇಳೀನಿ. ಕೇಳ್ಯಾರ. ಚಹಾ ಕುಡಿಸ್ಯಾರ."

"ಮತ್ತ?"

"ಕುಡದೀನಿ," ಅಂದರು ಮೇಡಂ, ಟವೆಲ್ಲು ಮಡಚುತ್ತ.

ಅಷ್ಟು ಓದಿದ ಹೆಂಗಸು ಅಷ್ಟು ಮೆಲ್ಲಗೆ ಅದನ್ನು ಹೇಳಿದ್ದಕ್ಕೆ ಹುಸೇನಪ್ಪನಿಗೆ ಮೈಯೆಲ್ಲ ಹೇಸಿಗೆಯಾಯಿತು. ಅವರ ಮೇಲೋ, ಆ ಚಹಾದ ಮೇಲೋ, ಹೇಳುವುದು ಕಷ್ಟ.

*

ಕಾಲೊನಿಯಲ್ಲಿ ನಡುಕ ಯಾರಿಗೂ ಸುದ್ದಿಯಲ್ಲ. ಮಡಕೆ ಕುಡಿಕೆಗಳೆಲ್ಲ ನೆಲುವಿನಲ್ಲಿ ತೂಗುತ್ತವೆ. ಪಾಳಿಯ ದಿನ ಒಲೆ ಹೊತ್ತಿಸುವುದಿಲ್ಲ. ಗೋಡೆಯ ಬಿರುಕಿಗೆ ಸಿಮೆಂಟಿನ ಖಾಲಿ ಚೀಲ ತುರುಕಿರುತ್ತಾರೆ. ತೊಟ್ಟಿಲನ್ನು ತೂಗುವ ಕೆಲಸವಿಲ್ಲ, ಉದ್ದ ಹಗ್ಗ ಕಟ್ಟಿಬಿಟ್ಟರೆ ನೆಲವೇ ತೂಗುತ್ತದೆ. ಏಳರ ಪಾಳಿ ಬದಲಿಯಾಗಿ ಬಂದ ದಿನ ಮಾತ್ರ ನಡುಕ ನಿಂತ ಮೇಲೆ ಹಿಮಸಿರಿಯ ವ್ಯಾನು ಬರುತ್ತದೆ. ಹಿಂದಿನ ದಿನದ ಪಾರ್ಟಿಯಲ್ಲಿ ಉಳಿದ ಬಿರಿಯಾನಿ, ಕೆನೆ ಒಣಗಿದ ಕೇಕು. ಮಕ್ಕಳು ನೆಲ ನಡುಗುವಾಗಲೇ ತಟ್ಟೆ ಹಿಡಿದು ಕುಣಿಯುತ್ತವೆ. ಹುಸೇನಪ್ಪನೂ ಕುಣಿದಿದ್ದ. ಬೇರೆಯವರ ಹಲ್ಲಿನ ಗುರುತಿದ್ದ ಕೇಕನ್ನು ನೆಕ್ಕಿ ನೆಕ್ಕಿ ತಿಂದಿದ್ದ. ಈಗ ನೆನೆದರೆ ಗಂಟಲಿಗೆ ಬೆರಳಿಟ್ಟುಕೊಳ್ಳಬೇಕು ಎನಿಸುತ್ತಿತ್ತು.

ಅವತ್ತು ಸಂಜೆ ಅಕ್ಕನ ಮನೆಗೆ ಹೋದರೆ ಬಸಲಿಂಗಪ್ಪ ಬಲು ಖುಷಿಯಲ್ಲಿದ್ದ.

"ಬಾರೋ ಅಳಿಯ! ನಿಮ್ಮಕ್ಕನ ಸೀಮಂತದ ಕುಬಸ ಗುರುವಾರ ಇಟ್ಟೀನಿ. ಎಲ್ಲಿ ಗೊತ್ತೇನು? ಹಿಮಸಿರಿ ಗಾಜಿನ ಗ್ವಾಡಿ ಹಾಲಿನ್ಯಾಗ! ಇಡೀ ಕಾಲೊನಿಗೆ ಊಟ. ಬಿಸಿ ಊಟ, ಮತ್ತ ಉಳಿದದ್ದಲ್ಲ."

"ಗುರುವಾರ ಏಳರ ಪಾಳಿ ಐತಿ."

"ಅದಽ ಅಂತೀನಿ. ಪಾಳಿ ನನ್ನ ಕಡಿ ಹಾಕು. ಕಾಲೊನ್ಯಾಗ ಯಾರೂ ಇರಂಗಿಲ್ಲ, ಎಲ್ಲಾರೂ ಮ್ಯಾಲ ಉಣ್ಣಾಕ ಕುಂತಿರ್ತಾರ. ಖಾಲಿ ಮನಿ ನಡುಗತಾವು, ನಡುಗಲಿ ಬಿಡು. ಎಷ್ಟ್ ಚಂದ ಹೊಂದಿಸೀನಿ ನೋಡು!"

"ಮಾವ, ಏಳರದ್ದು ಏಳಽ ಕಳೀಬೇಕಂತ. ಒಂಬತ್ತರಾಗ ಬಿಟ್ರ ಅದರ ಬಿಗಿ ಇನ್ನೂ ಏರ್ತೈತಂತ. ಮೇಡಮ್ಮಾರು ತೋರಿಸ್ಯಾರ."

"ಆಕಿ ತೋರಸ್ತಾಳ, ನೀ ನೋಡ್ತಿ. ಇಷ್ಟು ವರ್ಷ ಏನಾತು? ಏನಾರ ಆತೇನು?" ಬಸಲಿಂಗಪ್ಪ ಎಲೆಗೆ ಸುಣ್ಣ ಸವರಿದ. "ಕುಬಸ ತವರು ಮನ್ಯಾರ ಕೈಯಿಂದ ಆಗಬೇಕು. ಆಕಿಗೆ ತವರು ಅಂದ್ರ ನೀನೊಬ್ಬಾಂವ. ಗುರುವಾರ ನೀ ಅಲ್ಲಿ ಹಸರು ಕುಬಸದ ಅರಿವಿ ಹಿಡಕೊಂಡು ನಿಂತಿರಬೇಕು. ಬಾವಿ ಹ್ಯಾಂಗ ಬಿಡ್ತಿ? ಅಕ್ಕನ ತೆಲಿ ಮ್ಯಾಲ ಬಿಡ್ತಿಯೇನು?"

ಹುಸೇನಪ್ಪನಿಗೆ ಆಗ ಹೊಳೆಯಿತು. ಇವನು ಹೆಂಡತಿಗೆ ಕುಬಸ ಮಾಡಿಸುತ್ತಿಲ್ಲ. ಹೆಂಡತಿಯನ್ನು ಏಳನೇ ಬಾವಿಯ ಬಾಯಿಗೆ ಮುಚ್ಚಳದ ಹಾಗೆ ಇಡುತ್ತಿದ್ದಾನೆ. ತಮ್ಮನಾದವನು ಬಾವಿ ಬಿಡದ ಹಾಗೆ. ಯೋಚನೆ ಇವನದೋ ಹೋಟೆಲಿನವರದೋ, ಎರಡೂ ಒಂದೇ.

"ನಿನಗ ನಾಚಿಕಿ ಅಂಬೂದು ಒಂದೀಟರ ಐತೇನು ಮಾವ?"

"ಲೇ, ಬಾಯಿ ಸಂಭಾಳಿಸು!"

"ಇಬ್ಬರೂ ಸುಮ್ಮಕಿರ್ರೀ," ಅಂದಳು ಹುಲಿಗೆಮ್ಮ ಒಳಗಿನಿಂದ. ನೆಲುವು ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. "ತಮ್ಮಾ, ಮೊದಲಿನ ಬಸುರು ಹ್ಯಾಂಗ ಹೋತು ನಿನಗ ಗೊತ್ತೈತಿ. ಡಾಕ್ಟರು ಏನಽ ಅನ್ನಲಿ, ನಡುಗಿ ನಡುಗಿಯಽ ಹೋತು ಅಂತ ನನ್ನ ಜೀವಕ್ಕ ಗೊತ್ತು. ನನಗ ಅವರ ಊಟ ಬ್ಯಾಡ, ಗಾಜು ಬ್ಯಾಡ. ಒಂದು ದಿವಸ, ನಡುಗದ ನೆಲದ ಮ್ಯಾಲ ಕಾಲಿಟ್ಟು ಸುಮ್ಮಕ ಕುಂದ್ರಬೇಕು ಅನ್ನಸೈತಿ. ಅಷ್ಟಽ."

ಕಾಲೊನಿಯ ಪಾಲಿನ ನೆಮ್ಮದಿಯನ್ನು ವರ್ಷಗಟ್ಟಲೆ ಕಿತ್ತುಕೊಂಡವರೇ ಈಗ ಒಂದು ಮಧ್ಯಾಹ್ನದಷ್ಟು ಅದನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು. ಅಕ್ಕ ಅದಕ್ಕೂ ಕೈ ಚಾಚಿದ್ದಳು. ಅದೂ ಉಳಿದ ಕೇಕೇ, ಅಷ್ಟೇ.

*

ಗುರುವಾರ ಬೆಳಿಗ್ಗೆ ಬಾವಿಗಳ ಮೇಲಧಿಕಾರಿ, ದೊಡ್ಡ ಸಾಹೇಬನೇ ಠಾಣೆಗೆ ಬಂದ. ಅತ್ತರಿನ ವಾಸನೆ, ಊಟಕ್ಕೆ ಹೊರಟವನ ಅಂಗಿ. ಬದಲಿಯ ಯಂತ್ರದಲ್ಲಿ ಬಸಲಿಂಗಪ್ಪನ ಹೆಬ್ಬೆಟ್ಟು ಆಗಲೇ ಬಿದ್ದಿತ್ತು. ಹುಸೇನಪ್ಪನದೊಂದು ಬಾಕಿ.

"ಒತ್ತಪ್ಪಾ," ಅಂದ ಸಾಹೇಬ, ಅವನಿಗೆ ಬರುವ ಒಂದೇ ಕನ್ನಡ ಮಾತನ್ನು ಸಕ್ಕರೆ ಹಾಕಿ.

"ಒತ್ತಂಗಿಲ್ರಿ."

ಸಾಹೇಬ ಸಿಟ್ಟಾಗಲಿಲ್ಲ. ನಕ್ಕ. ಒತ್ತದಿದ್ದರೆ ಬಿಡು, ಅಂದ ಹಿಂದಿಯಲ್ಲಿ. ಬಾವಿಯನ್ನೂ ಬಿಡಬೇಡ, ಸುಮ್ಮನೆ ಕೂತಿರು, ಬಾಕಿಯದನ್ನು ಆಮೇಲೆ ನೋಡಿಕೊಳ್ಳೋಣ. ನಿನ್ನ ಅಕ್ಕನ ಕುಬಸಕ್ಕೇ ನಾನು ಹೊರಟದ್ದು, ನೀನೂ ಬೇಗ ಬಾ. ಕಾರು ಮೇಲಕ್ಕೆ ಹೋಯಿತು.

ಹುಸೇನಪ್ಪ ಪರದೆ ನೋಡಿದ. ಆ ಹೆಪ್ಪುಗಟ್ಟಿದ ತುಂಡಿನ ಅಂಚಿನಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಮೂಡಿ ಮೂಡಿ ಆರುತ್ತಿದ್ದವು.

"ಕಲ್ಲು ಚಟಗುಡ್ಲಿಕತ್ತದ," ಅಂದರು ಶಾಲ್ಮಲಾ ಮೇಡಂ. "ಆ ಟವೆಲ್ಲಿನ ಹಂಗ."

"ನೀರು ಬಿಟ್ರ ಕೆಳಗ ಮುಟ್ಟಾಕ ಎಷ್ಟ್ ಹೊತ್ತು?"

"ಒಂದು ತಾಸು."

"ಬಿಟ್ಟ ಮ್ಯಾಲ ನಿಂದ್ರಸಾಕ ಬರ್ತೈತೇನ್ರಿ?"

"ಇಲ್ಲ."

"ಹಂಗಾರ ಆತು. ಬಿಡ್ತೀವಿ ಅಂತ ಹೋಗಿ ಕೂಗಿದ್ರ ಒಬ್ಬಾಂವ ಏಳಂಗಿಲ್ಲ. ಬಿಟ್ಟೀವಿ ಅಂದ್ರಽ ಏಳ್ತಾರ." ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟ. ಗಾಜಿನ ಹಾಲು ಕಣ್ಣ ಮುಂದೆ ಬಂತು. ಒತ್ತಿದ.

ಕೊಳವೆಗಳಲ್ಲಿ ನೀರು ಗುಡುಗಿತು. ಮೇಡಂ ಎಚ್ಚರಿಕೆಯ ಸೈರನ್ನು ಒತ್ತಿದರು. ಬೆಟ್ಟದ ಮೇಲಿನಿಂದ ಗೊರಗೊರ ಎಂಬ ಸದ್ದೊಂದು ಬಂದು ಸತ್ತುಹೋಯಿತು. ಎಂದೂ ಕೂಗದ ಏಳರ ಸೈರನ್ನಿನ ಬಾಯಲ್ಲಿ ಹಕ್ಕಿಗಳು ಗೂಡು ಕಟ್ಟಿಕೊಂಡಿದ್ದವು.

"ನಾ ಬಂಗಲಿ ಕಡೆ ಜೀಪು ಒಯ್ತೀನಿ. ನೀ ಹೋಟೆಲಿಗೆ ಓಡು," ಅಂದರು ಮೇಡಂ. ಇಷ್ಟು ದಿನ ಕುಡಿದ ಚಹಾವೆಲ್ಲ ಒಮ್ಮೆಲೇ ಕುದ್ದ ಹಾಗೆ ಅವರ ಮುಖ ಕೆಂಪೇರಿತ್ತು.

*

ಗಾಜಿನ ಹಾಲಿನ ತುಂಬ ಕಾಲೊನಿಯ ಜನ. ಗಾಜಿನಾಚೆ ಹಿಮದ ಶಿಖರ, ಕರೆಸಿ ನಿಲ್ಲಿಸಿದ ಹಾಗೆ. ನಡುವೆ ಹಸಿರು ಸೀರೆಯುಟ್ಟ ಹುಲಿಗೆಮ್ಮ ಕುರ್ಚಿಯ ಮೇಲೆ ಕೂತಿದ್ದಳು. ಚಪ್ಪಲಿ ಬಿಟ್ಟು, ಎರಡೂ ಪಾದವನ್ನು ಕಲ್ಲಿನ ನೆಲಕ್ಕೆ ಒತ್ತಿಟ್ಟು, ಕಣ್ಣು ಮುಚ್ಚಿಕೊಂಡಿದ್ದಳು. ಸುತ್ತ ಮುತ್ತೈದೆಯರು ಹಾಡುತ್ತಿದ್ದರೂ ಅವಳಿಗೆ ಕೇಳುತ್ತಿದ್ದುದು ಪಾದದ ಕೆಳಗಿನ ಮೌನ ಮಾತ್ರ.

"ಯಕ್ಕಾ, ಏಳು."

"ಬಂದೇನೋ ತಮ್ಮಾ? ಒಂದೀಟು ತಡಿಯೋ. ನೆಲ ಎಷ್ಟ್ ಸುಮ್ಮಕೈತಿ ನೋಡು."

"ಬಾವಿ ಬಿಟ್ಟ ಬಂದೀನಿ."

ಹಾಡು ನಿಂತಿತು. ಬಸಲಿಂಗಪ್ಪ ಬಂದು ಕಪಾಳಕ್ಕೆ ಬಿಗಿದ. ಹುಸೇನಪ್ಪನ ಕೈಚೀಲ ಜಾರಿ ಹಸಿರು ಕುಬಸದ ಬಟ್ಟೆ ನೆಲಕ್ಕೆ ಬಿತ್ತು. ಸಾಹೇಬ ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಠಾಣೆಗೆ ಫೋನು ಹಚ್ಚಿದ. ಅಲ್ಲಿ ಎತ್ತುವವರೇ ಇರಲಿಲ್ಲ.

"ಸುಳ್ಳು ಹೇಳ್ತಾನ, ಕುಂದ್ರಿ ಎಲ್ಲಾರೂ!" ಎಂದು ಬಸಲಿಂಗಪ್ಪ ಅರಚಿದ.

ಹುಲಿಗೆಮ್ಮ ಕಣ್ಣು ತೆರೆದು ತಮ್ಮನ ಮುಖ ನೋಡಿದಳು. ಬಿದ್ದ ಬಟ್ಟೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಬಾಗಿಲಿನತ್ತ ನಡೆದಳು. ಅವಳ ಹಿಂದೆ ಮುತ್ತೈದೆಯರು, ಅವರ ಹಿಂದೆ ಇಡೀ ಕಾಲೊನಿ. ನಡುಕ ಬರುವುದೆಂದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೋಡೆಯಿಂದ ದೂರ, ಮರದಿಂದ ದೂರ, ಬಯಲಿನಲ್ಲಿ ಒಬ್ಬರಿಗೊಬ್ಬರು ಬೆನ್ನು ಕೊಟ್ಟು ಕೂತರು. ಹೋಳಿಗೆಯ ಬುಟ್ಟಿಯನ್ನೂ ಬಿಡದೆ ತಂದಿದ್ದರು.

ಹೋಟೆಲಿನ ಗಿರಾಕಿಗಳು ಮಾತ್ರ ಬಾಗಿಲಲ್ಲೇ ನಿಂತು ಜಗಳಕ್ಕೆ ಬಿದ್ದರು. ಇಲ್ಲಿ ನಡುಕವಿಲ್ಲ ಎಂದೇ ಅವರು ಬಂದದ್ದಂತೆ. ಕೆಲವರು ಕಾರಿಗೆ ನುಗ್ಗಿ ದಾರಿಗೆ ಅಡ್ಡಡ್ಡ ನಿಲ್ಲಿಸಿಕೊಂಡು ಹಾರ್ನು ಒತ್ತಿದರು. ಹುಸೇನಪ್ಪ ಒಬ್ಬೊಬ್ಬರನ್ನೂ ರಟ್ಟೆ ಹಿಡಿದು ಎಳೆದು ಬಯಲಿಗೆ ದೂಡಿದ. ಒಬ್ಬಾತ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವನು ಹಾಗೇ ಬಂದ. ಬಣ್ಣ ಕಿವಿಯ ಮೇಲೆ ಇಳಿಯುತ್ತಿತ್ತು. ಹೆಣ ಬಿದ್ದರೂ ಬೀಳಲಿ ಎಂದು ಬಿಡಬೇಕೆನಿಸುವಂಥ ಜನ. ಆದರೂ ದೂಡಿದ.

ಆಮೇಲೆ ಅದು ಬಂತು.

ಒಂಬತ್ತರ ನಡುಕದಂತೆ ಜರಡಿ ಆಡಿಸಿದ ಹಾಗಲ್ಲ. ಕೆಳಗೆಲ್ಲೋ ಬಾಗಿಲೊಂದು ಕಿತ್ತುಬಂದ ಸದ್ದು, ಆಮೇಲೆ ಇಡೀ ಬಯಲು ಒಂದು ಕಡೆಗೆ ಎಳೆದ ಹಾಗೆ. ಹುಲ್ಲಿನ ಮೇಲೆ ಅಲೆಯೊಂದು ಓಡುತ್ತ ಬಂದು ಕೂತವರನ್ನೆಲ್ಲ ಎತ್ತಿ ಇಳಿಸಿತು. ಗಾಜಿನ ಹಾಲು ಒಂದು ಉಸಿರು ನಿಂತಿತ್ತು, ಮರುಗಳಿಗೆಗೆ ಹಿಮದ ಶಿಖರದ ಬಿಂಬ ಸಮೇತ ನೆಲಕ್ಕೆ ಸುರಿಯಿತು. ಬಂಗಲೆಗಳ ಹೆಂಚು ಧೂಳಾಗಿ ಎದ್ದಿತು. ಹುಲಿಗೆಮ್ಮ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು, ಹಲ್ಲು ಕಚ್ಚಿ, ತಮ್ಮನ ಬೆನ್ನಿಗೆ ಬೆನ್ನು ಒತ್ತಿ ಕೂತಿದ್ದಳು. ಆ ಬೆನ್ನಿನ ಬಿಸಿ ಅವನಿಗೆ ತಟ್ಟುತ್ತಿತ್ತು. ಅಷ್ಟೊಂದೇ ಅವನಿಗೆ ಬೇಕಾಗಿದ್ದದ್ದು.

ನಿಂತಿತು.

ಜನ ಎಣಿಸಿಕೊಂಡರು. ಕ್ಯಾಮೆರಾ ತರಲು ಒಳಗೋಡಿದ್ದ ಒಬ್ಬನ ಕೈ ಮುರಿದಿತ್ತು. ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಎದ್ದು ನಿಂತವರು ಮೊದಲು ಮಾಡಿದ ಕೆಲಸವೆಂದರೆ ಹುಸೇನಪ್ಪನನ್ನು ಬೈದದ್ದು. ಕೊಲೆಗಡುಕ, ಹುಚ್ಚ, ಹೋಟೆಲು ಕೆಡವಿದವ. ಬೀಳದೆ ಉಳಿದ ಕಣಿವೆಯನ್ನು ಯಾರೂ ನೋಡಲಿಲ್ಲ. ಉಳಿದದ್ದು ಕಣ್ಣಿಗೆ ಬೀಳುವುದು ಹೇಗೆ? ಅದು ಎಂದಿನಂತೆಯೇ ಇತ್ತು.

ಬಂಗಲೆಯವರನ್ನೆಲ್ಲ ಹೊರಗೆ ಹಾಕಿ ಠಾಣೆಗೆ ಮರಳಿದ್ದ ಶಾಲ್ಮಲಾ ಮೇಡಂ ಫೋನು ಮಾಡಿದರು. "ಏಳನೇ ತುಂಡು ಕೆಂಪಿಗೆ ಬಂದದ. ಇನ್ನೂ ಇಳೀಬೇಕು. ನಾಳೆನೂ ಬಿಡಬೇಕು, ನಾಡದ್ದೂ ಬಿಡಬೇಕು."

ಅಷ್ಟರಲ್ಲಿ ಬಸಲಿಂಗಪ್ಪ ತಲೆ ತುಂಬ ಧೂಳು ಹೊತ್ತು, ತನ್ನ ಫೋನು ಚಾಚಿಕೊಂಡು ಬಂದ. ಆ ತುದಿಯಲ್ಲಿ ಸಾಹೇಬ, ನೂರು ಹೆಜ್ಜೆ ದೂರದ ಕಾರಿನಲ್ಲಿ ಕೂತು. ಹುಸೇನಪ್ಪನನ್ನು ಕೆಲಸದಿಂದ ತೆಗೆದಾಗಿದೆಯಂತೆ. ಆದರೆ ಹೊಸಬನ ಹೆಬ್ಬೆಟ್ಟಿಗೆ ದಿಲ್ಲಿಯ ಒಪ್ಪಿಗೆ ಬರಲು ಎರಡು ವಾರ ಬೇಕು. ಅಲ್ಲಿಯವರೆಗೆ ಯಂತ್ರ ಒಪ್ಪುವುದು ಅವನದನ್ನೇ. ಆದ್ದರಿಂದ, ಬಿದ್ದದ್ದು ಬಿತ್ತು, ಉಳಿದ ಬಂಗಲೆಗಳಾದರೂ ಉಳಿಯಲಿ, ನಾಳೆಯದನ್ನು ಒಂಬತ್ತಕ್ಕೆ ಬದಲಿ ಮಾಡಿಕೊಡಲು ಹೇಳು.

"ಹೂಂ ಅನ್ನೋ ಅಳಿಯ," ಅಂದ ಬಸಲಿಂಗಪ್ಪ. "ನಾ ಆಗಲೇ ಹೂಂ ಅಂದೀನಿ."

ಹುಸೇನಪ್ಪನ ಬಾಯಲ್ಲಿ ಉಗುಳು ತುಂಬಿ ಬಂತು. ಯಾರ ಮುಖಕ್ಕೆ ಉಗುಳಬೇಕೆಂದು ನೋಡಿದ. ಇದ್ದ ಮುಖಗಳಿಗೆ ಒಂದು ಬಾಯಿಯ ಉಗುಳು ಸಾಲುವಂತಿರಲಿಲ್ಲ.

"ತಮ್ಮಾ," ಅಂದಳು ಹುಲಿಗೆಮ್ಮ. ಇನ್ನೂ ಹುಲ್ಲಿನ ಮೇಲೇ ಕೂತಿದ್ದಳು. "ನಾಳೆ ಪಾಳಿ ಯಾರದು?"

"ಏಳರದು."

"ನಾಡದ್ದು?"

"ಅದೂ ಏಳರದು. ಈ ವಾರೆಲ್ಲ ಏಳರದಽ."

"ಅಷ್ಟ್ ದಿವಸ ನಮ್ಮ ಕಡಿ ಬಾವಿ ಬಿಡಂಗಿಲ್ಲಲ್ಲ?"

"ಬಿಡಂಗಿಲ್ಲ. ಇಲ್ಲಿಂದು ಒಂದೀಟು ಬಂದ್ರ ಬಂತು, ನೆಲುವು ಅಳ್ಳಾಡುವಷ್ಟು."

ಹುಲಿಗೆಮ್ಮ ಸೊಂಟದಿಂದ ಹಸಿರು ಬಟ್ಟೆ ತೆಗೆದು, ಗಾಜಿನ ಪುಡಿ ಕೊಡವಿ, ತಮ್ಮನ ಕೈಗಿಟ್ಟಳು. ಬೆನ್ನ ಹಿಂದಿನ ಗಂಡನನ್ನು ತಿರುಗಿಯೂ ನೋಡಲಿಲ್ಲ. ಹೋಳಿಗೆಯ ಬುಟ್ಟಿಯನ್ನು ಪಕ್ಕದವಳ ತಲೆಗೆ ಏರಿಸಿದಳು.

"ಹಂಗಾರ ನಡಿ," ಅಂದಳು ಏಳುತ್ತ. "ಕುಬಸ ಮನ್ಯಾಗ ಮಾಡೂಣು."